ಜಂಗಲ್ (ಪದ)

ಜಂಗಲ್ ಎಂಬುದು ಗಿಡ, ಮರ, ಬಳ್ಳಿಗಳು ದಟ್ಟವಾಗಿ ಹೆಣೆದುಕೊಂಡು ಬೆಳೆದ, ಸಾಮಾನ್ಯವಾಗಿ ಉಷ್ಣವಲಯದ ತೇವಭರಿತ ಕಾಡನ್ನು ಸೂಚಿಸುವ ಇಂಗ್ಲಿಷ್ ಪದ. ಇದರ ಮೂಲ ಸಂಸ್ಕೃತದ 'ಜಂಗಲ' ಮತ್ತು 'ಜಾಂಗಲ' ಎಂಬ ರೂಪಗಳು. ಹಿಂದಿ, ಉರ್ದು ಮೊದಲಾದ ಭಾರತೀಯ ಭಾಷೆಗಳ ಮೂಲಕ ಇದು 18ನೆಯ ಶತಮಾನದಲ್ಲಿ ಇಂಗ್ಲಿಷನ್ನು ಸೇರಿತು. ಸಂಸ್ಕೃತದಲ್ಲಿ ಈ ಪದದ ಅರ್ಥ ಇಂದಿನ ಅರ್ಥಕ್ಕೆ ಬಹುಮಟ್ಟಿಗೆ ವಿರುದ್ಧವಾಗಿತ್ತು. ಮಳೆ ಕಡಿಮೆಯಿರುವ, ಮರಗಳು ವಿರಳವಾಗಿರುವ, ಆಕಾಶ ವಿಶಾಲವಾಗಿ ಕಾಣುವ ಒಣ ಬಯಲನ್ನು ಅದು ಹೇಳುತ್ತಿತ್ತು. ಒಣನೆಲದ ಹೆಸರು ತೇವದ ಕಾಡಿನ ಹೆಸರಾದ ಈ ಬದಲಾವಣೆಯು ಭಾಷಾಚರಿತ್ರೆಗೆ ಮಾತ್ರ ಸಂಬಂಧಿಸಿದುದಲ್ಲ. ವೈದ್ಯಶಾಸ್ತ್ರ, ಕಂದಾಯ ಆಡಳಿತ, ಅರಣ್ಯನೀತಿ ಹಾಗೂ ಹುಲ್ಲುಗಾವಲುಗಳ ಅಳಿವು ಉಳಿವುಗಳೊಡನೆಯೂ ಅದಕ್ಕೆ ಸಂಬಂಧವಿದೆ.

ಸಂಸ್ಕೃತದಲ್ಲಿ ಮೂಲಾರ್ಥ

ಪಾಣಿನಿಯ ಅಷ್ಟಾಧ್ಯಾಯಿಯ ಸೂತ್ರವೊಂದರಲ್ಲಿ 'ಜಂಗಲ' ಎಂಬ ರೂಪ ಕಾಣಿಸಿಕೊಳ್ಳುತ್ತದೆ. ಇದರಿಂದ ಪದದ ಪ್ರಾಚೀನತೆ ತಿಳಿಯುತ್ತದೆ. ಆದರೆ ಪದದ ಅರ್ಥವನ್ನು ಹೆಚ್ಚು ಸ್ಪಷ್ಟವಾಗಿ ವಿವರಿಸಿದವು ಆಯುರ್ವೇದ ಗ್ರಂಥಗಳು.

ಆಯುರ್ವೇದದಲ್ಲಿ

ಚರಕ ಮತ್ತು ಸುಶ್ರುತ ಸಂಹಿತೆಗಳು ಭೂಪ್ರದೇಶವನ್ನು ಮೂರು ಬಗೆಯಾಗಿ ವಿಂಗಡಿಸುತ್ತವೆ.

• ಜಾಂಗಲ: ಒಣನಾಡು
• ಆನೂಪ: ನೀರು ತುಂಬಿದ ಜೌಗುನಾಡು
• ಸಾಧಾರಣ: ಎರಡರ ಲಕ್ಷಣಗಳೂ ಬೆರೆತ ನಾಡು

ಚರಕ ಸಂಹಿತೆಯ ಕಲ್ಪಸ್ಥಾನದಲ್ಲಿ ಜಾಂಗಲ ದೇಶದ ವಿವರವಾದ ವರ್ಣನೆಯಿದೆ. ಅದರಂತೆ ಅಲ್ಲಿ ತೆರೆದ ಆಕಾಶ ಹೆಚ್ಚು, ನೆಲ ಮರಳು ಮತ್ತು ನೊರಜುಗಲ್ಲುಗಳಿಂದ ಕೂಡಿರುತ್ತದೆ, ಒಣಗಾಳಿ ಬೀಸುತ್ತದೆ, ಬಿಸಿಲ್ಗುದುರೆ ಕಾಣಿಸುತ್ತದೆ. ಕಗ್ಗಲಿ, ಎಲಚಿ, ಬನ್ನಿ ಮುಂತಾದವು ಅಲ್ಲಿನ ಮರಗಳು. ಲಾವುಗೆ, ಕೌಜುಗ, ಚಕೋರ ಅಲ್ಲಿನ ಹಕ್ಕಿಗಳು. ಅಲ್ಲಿಯ ಜನ ಗಟ್ಟಿಮುಟ್ಟಾದವರು. ಸುಶ್ರುತ ಸಂಹಿತೆಯೂ ಸೂತ್ರಸ್ಥಾನದಲ್ಲಿ ಇದೇ ಬಗೆಯ ಚಿತ್ರವನ್ನು ಕೊಡುತ್ತದೆ: ಸಮತಟ್ಟಾದ ನೆಲ, ಅಲ್ಲಲ್ಲಿ ಮುಳ್ಳುಗಿಡ, ಕಡಿಮೆ ಮಳೆ, ಬಾವಿ ಮತ್ತು ಒರತೆಗಳ ನೀರು.

ಇದಕ್ಕೆ ಎದುರಾಗಿ ಆನೂಪ ದೇಶವು ನದಿ, ಕೆರೆ, ದಟ್ಟ ಮರ, ತೆಂಗು, ಬಾಳೆಗಳಿಂದ ತುಂಬಿದ್ದು. ಅಲ್ಲಿ ಕಫದ ತೊಂದರೆಗಳು ಹೆಚ್ಚು ಎಂದು ವೈದ್ಯಗ್ರಂಥಗಳು ಹೇಳುತ್ತವೆ. ಈ ವಿಂಗಡಣೆಗೆ ಚಿಕಿತ್ಸೆಯಲ್ಲಿ ನೇರವಾದ ಉಪಯೋಗವಿತ್ತು. ರೋಗಿಯು ಯಾವ ನಾಡಿನವನು, ಔಷಧಿಯ ಗಿಡ ಯಾವ ನಾಡಿನಲ್ಲಿ ಬೆಳೆದದ್ದು ಎಂಬುದನ್ನು ವೈದ್ಯನು ತಿಳಿದಿರಬೇಕಿತ್ತು. ಕೃಷ್ಣಮೃಗ ಮೊದಲಾದ ಜಾಂಗಲ ಪ್ರಾಣಿಗಳ ಮಾಂಸವು ಹಗುರ, ಸುಲಭವಾಗಿ ಜೀರ್ಣವಾಗುವಂಥದು. ನೀರಿನ ನಾಡಿನ ಪ್ರಾಣಿಗಳ ಮಾಂಸ ಜಡ ಎಂಬುದು ಈ ಗ್ರಂಥಗಳ ನಿಲುವು. ಫ್ರೆಂಚ್ ವಿದ್ವಾಂಸ ಫ್ರಾನ್ಸಿಸ್ ಝಿಮ್ಮರ್‌ಮನ್ ಅವರು 1982ರಲ್ಲಿ ಪ್ರಕಟಿಸಿದ ಕೃತಿಯಲ್ಲಿ ಈ ವಿಷಯವನ್ನು ವಿಸ್ತಾರವಾಗಿ ಚರ್ಚಿಸಿದ್ದಾರೆ. ಜಾಂಗಲ ಮತ್ತು ಆನೂಪ ಎಂಬ ಜೋಡಿಯು ಪ್ರಾಚೀನ ಭಾರತೀಯರ ಭೂಗೋಳದ ಕಲ್ಪನೆಗೆ ತಳಹದಿಯಾಗಿತ್ತೆಂದು ಅವರು ತೋರಿಸಿಕೊಟ್ಟರು.

ಧರ್ಮಶಾಸ್ತ್ರ ಮತ್ತು ಅರ್ಥಶಾಸ್ತ್ರದಲ್ಲಿ

ಮನುಸ್ಮೃತಿಯ ಏಳನೆಯ ಅಧ್ಯಾಯವು ರಾಜನು ನೆಲೆಸಲು ತಕ್ಕ ಸ್ಥಳವನ್ನು ಹೇಳುವಾಗ, ಧಾನ್ಯಸಮೃದ್ಧವಾದ ಜಾಂಗಲ ದೇಶವನ್ನು ಸೂಚಿಸುತ್ತದೆ. ಇಲ್ಲಿ ಜಾಂಗಲವು ಜನವಾಸಕ್ಕೆ ಒದಗದ ಕಾಡಲ್ಲ. ರಾಜಧಾನಿಗೆ ಯೋಗ್ಯವಾದ, ಆರೋಗ್ಯಕರವಾದ ಬಯಲು. ಕೃಷ್ಣಮೃಗವು ಸಹಜವಾಗಿ ಸಂಚರಿಸುವ ನೆಲವೇ ಯಜ್ಞಕ್ಕೆ ಅರ್ಹವಾದುದೆಂದೂ ಅದೇ ಗ್ರಂಥ ಹೇಳುತ್ತದೆ. ಕೃಷ್ಣಮೃಗವು ತೆರೆದ ಹುಲ್ಲುಗಾವಲಿನ ಪ್ರಾಣಿ ಎಂಬುದನ್ನು ಇಲ್ಲಿ ನೆನೆಯಬೇಕು.

ಕೌಟಿಲ್ಯನ ಅರ್ಥಶಾಸ್ತ್ರವು ಕೃಷಿಯ ಪ್ರಕರಣದಲ್ಲಿ ಮಳೆಯ ಅಳತೆಯನ್ನು ಕೊಡುತ್ತದೆ. ಜಾಂಗಲ ನಾಡಿಗೆ 16 ದ್ರೋಣ, ಆನೂಪ ನಾಡಿಗೆ ಅದರ ಒಂದೂವರೆ ಪಟ್ಟು, ಅಂದರೆ 24 ದ್ರೋಣ. ಕಂದಾಯ ಮತ್ತು ಬಿತ್ತನೆಯ ಲೆಕ್ಕಾಚಾರದಲ್ಲಿಯೂ ಈ ಎರಡು ಪದಗಳು ನಿಶ್ಚಿತವಾದ ಅರ್ಥದಲ್ಲಿ ಬಳಕೆಯಾಗುತ್ತಿದ್ದುವೆಂಬುದಕ್ಕೆ ಇದು ಸಾಕ್ಷಿ.

ಸ್ಥಳನಾಮಗಳಲ್ಲಿ

ಮಹಾಭಾರತದಲ್ಲಿ ಕುರುಗಳ ನಾಡಿಗೆ 'ಕುರುಜಾಂಗಲ' ಎಂಬ ಹೆಸರು ಪದೇ ಪದೇ ಬರುತ್ತದೆ. ರಾಜಸ್ಥಾನದ ಬಿಕಾನೇರ್ ಸುತ್ತಲಿನ ಮರುಭೂಮಿಯ ಪ್ರದೇಶಕ್ಕೆ 'ಜಾಂಗಲದೇಶ' ಎಂಬ ಹಳೆಯ ಹೆಸರಿತ್ತು. ದಟ್ಟ ಕಾಡು ಎಂಬ ಇಂದಿನ ಅರ್ಥವನ್ನೇ ಹಿಡಿದರೆ ಮರುಭೂಮಿಗೆ ಈ ಹೆಸರು ಬಂದುದು ಒಗಟಾಗಿ ಕಾಣುತ್ತದೆ. ಮೂಲಾರ್ಥವನ್ನು ತಿಳಿದವರಿಗೆ ಅದು ಸಹಜವೇ ಆಗಿದೆ.

ದೇಶಭಾಷೆಗಳಲ್ಲಿ ಅರ್ಥದ ವಿಸ್ತಾರ

ಹಿಂದಿ, ಉರ್ದು, ಮರಾಠಿ, ಬಂಗಾಳಿ ಮುಂತಾದ ಭಾಷೆಗಳಲ್ಲಿ ಈ ಪದದ ಒತ್ತು ಬದಲಾಯಿತು. ನೆಲ ಒಣಗಿದೆಯೋ ತೇವವಾಗಿದೆಯೋ ಎಂಬುದಕ್ಕಿಂತ, ಅಲ್ಲಿ ಉಳುಮೆ ನಡೆಯುತ್ತಿದೆಯೋ ಇಲ್ಲವೋ ಎಂಬುದು ಮುಖ್ಯವಾಯಿತು. ಊರಿನ ಮತ್ತು ಹೊಲದ ಎಲ್ಲೆಯಾಚೆಗಿನ ನೆಲವೆಲ್ಲ 'ಜಂಗಲ್' ಎನಿಸಿತು. ಅದರಲ್ಲಿ ಹುಲ್ಲು ಇರಬಹುದು, ಕುರುಚಲು ಇರಬಹುದು, ಮರಗಳೂ ಇರಬಹುದು.

ಈ ಅರ್ಥವು ಹಿಂದಿಯ ಒಂದು ಹಳೆಯ ನುಡಿಗಟ್ಟಿನಲ್ಲಿ ಉಳಿದುಕೊಂಡಿದೆ. ಮಲವಿಸರ್ಜನೆಗೆ ಹೋಗುವುದನ್ನು ಹಿಂದಿಯ ಹಳ್ಳಿಗರು 'ಜಂಗಲ್ ಜಾನಾ' ಎನ್ನುವರು. ಕನ್ನಡದ ಹಳ್ಳಿಗರು ಇದನ್ನೇ 'ಬಯಲಿಗೆ ಹೋಗುವುದು' ಎನ್ನುವರು. ಎರಡು ಭಾಷೆಗಳ ಮಾತಿನಲ್ಲಿಯೂ ಉದ್ದೇಶಿತವಾದುದು ಊರ ಹೊರಗಿನ ತೆರೆದ ನೆಲವೇ. ಹೀಗಾಗಿ ಹಿಂದಿಯ 'ಜಂಗಲ್' ಮತ್ತು ಕನ್ನಡದ 'ಬಯಲು' ಈ ಒಂದು ಬಳಕೆಯಲ್ಲಿ ಸಮಾನಾರ್ಥಕಗಳಾಗಿವೆ.

ಭಾರತದಿಂದ ಪಾರಸಿ ಭಾಷೆಗೆ ಹೋದ 'ಜಂಗಲ್' ಅಲ್ಲಿ ಮರಗಳ ಕಾಡು ಎಂಬ ಅರ್ಥದಲ್ಲಿ ನೆಲೆನಿಂತಿತು. ಇರಾನಿನಲ್ಲಿ ಕ್ಯಾಸ್ಪಿಯನ್ ಸಮುದ್ರತೀರದ ಗಿಲಾನ್ ಪ್ರಾಂತವು ಮಳೆ ಹೆಚ್ಚಾಗಿ ಬೀಳುವ, ದಟ್ಟ ಕಾಡಿನ ನಾಡು. 20ನೆಯ ಶತಮಾನದ ಆರಂಭದಲ್ಲಿ ಮಿರ್ಜಾ ಕೂಚಿಕ್ ಖಾನ್ ಅಲ್ಲಿ ನಡೆಸಿದ ಬಂಡಾಯಕ್ಕೆ 'ಜಂಗಲಿ ಚಳವಳಿ' ಎಂದೇ ಹೆಸರು.

ಇಂಗ್ಲಿಷಿಗೆ ಪ್ರವೇಶ

ಇಂಗ್ಲಿಷಿನಲ್ಲಿ ಈ ಪದದ ಅತ್ಯಂತ ಹಳೆಯ ಬಳಕೆಗಳಲ್ಲೊಂದು 1776ರಲ್ಲಿ ಪ್ರಕಟವಾದ ನ್ಯಾಥೇನಿಯಲ್ ಹಾಲ್‌ಹೆಡ್ ಅವರ ಹಿಂದೂ ಕಾನೂನು ಸಂಹಿತೆಯಲ್ಲಿ ದೊರೆಯುತ್ತದೆ. ವಾರನ್ ಹೇಸ್ಟಿಂಗ್ಸ್ ಆಜ್ಞೆಯಂತೆ ಪಂಡಿತರು ಸಂಸ್ಕೃತದಲ್ಲಿ ಸಂಗ್ರಹಿಸಿದ ಈ ಕಾನೂನುಗಳು ಮೊದಲು ಪಾರಸಿಗೆ, ಅಲ್ಲಿಂದ ಇಂಗ್ಲಿಷಿಗೆ ಬಂದುವು. ಐದು ವರ್ಷ ಪಾಳುಬಿದ್ದ ಭೂಮಿಗೆ ಜಂಗಲ್ ಎಂದು ಹೆಸರು ಎಂಬ ವಿವರಣೆ ಅದರಲ್ಲಿದೆ. ಅಂದರೆ ಪದವು ಇಂಗ್ಲಿಷನ್ನು ಪ್ರವೇಶಿಸಿದ್ದು ಭೂಕಂದಾಯದ ಪಾರಿಭಾಷಿಕ ಪದವಾಗಿ. ಮರಗಳ ಮಾತು ಅಲ್ಲಿ ಬರುವುದಿಲ್ಲ.

ಇಂಗ್ಲಿಷಿನಲ್ಲಿ ಪದದ ಮೊದಲ ಅಕ್ಷರಕ್ಕೆ 'ಯು' ಸ್ವರಾಕ್ಷರವನ್ನು ಬರೆಯುವುದಕ್ಕೂ ಕಾರಣವಿದೆ. ಭಾರತೀಯ ಭಾಷೆಗಳ ಹ್ರಸ್ವ ಅಕಾರವನ್ನು ಅಂದಿನ ಇಂಗ್ಲಿಷರು ತಮ್ಮ ಭಾಷೆಯ 'ಕಪ್', 'ಕಟ್' ಮುಂತಾದ ಪದಗಳಲ್ಲಿನ ಸ್ವರದಂತೆ ಕೇಳಿ, ಅದೇ ಅಕ್ಷರದಿಂದ ಬರೆದರು. ಪಂಜಾಬ್ ಪದದ ಇಂಗ್ಲಿಷ್ ಬರಹದಲ್ಲಿಯೂ ಇದೇ ರೂಢಿಯನ್ನು ಕಾಣಬಹುದು.

ಬ್ರಿಟಿಷ್ ಆಡಳಿತದ ಕಡತಗಳಲ್ಲಿ ಪದದ ಬಳಕೆ ಬೇಗನೆ ಹರಡಿತು. ಬಂಗಾಳದ ಪಶ್ಚಿಮದ ಗುಡ್ಡಗಾಡು ಪ್ರದೇಶಗಳನ್ನು ಸೇರಿಸಿ 1805ರಲ್ಲಿ 'ಜಂಗಲ್ ಮಹಲ್' ಎಂಬ ಜಿಲ್ಲೆಯನ್ನು ರಚಿಸಲಾಯಿತು. 1833ರಲ್ಲಿ ಅದನ್ನು ವಿಂಗಡಿಸಲಾಯಿತಾದರೂ ಆ ಹೆಸರು ಇಂದಿಗೂ ಬಳಕೆಯಲ್ಲಿದೆ. ಪಂಜಾಬಿನ 'ಬಾರ್' ಎಂಬ ಒಣಬಯಲುಗಳಲ್ಲಿ ದನ, ಒಂಟೆಗಳನ್ನು ಸಾಕಿಕೊಂಡಿದ್ದ ಜನರನ್ನು ಅಧಿಕಾರಿಗಳು 'ಜಂಗ್ಲಿ'ಗಳೆಂದು ಕರೆದರು. ಮುಂದೆ ಅದೇ ಬಯಲುಗಳು ಕಾಲುವೆ ನೀರಾವರಿಯ ವಸಾಹತುಗಳಾದುವು.

1886ರಲ್ಲಿ ಹೆನ್ರಿ ಯೂಲ್ ಮತ್ತು ಎ. ಸಿ. ಬರ್ನೆಲ್ ಅವರ 'ಹಾಬ್ಸನ್-ಜಾಬ್ಸನ್' ನಿಘಂಟು ಪ್ರಕಟವಾಯಿತು. ದೇಶೀಯರ ಮಾತಿನಲ್ಲಿ ಜಂಗಲ್ ಎಂದರೆ ಮುಖ್ಯವಾಗಿ ಉಳದ ನೆಲ; ಭಾರತದಲ್ಲಿನ ಇಂಗ್ಲಿಷರ ಮಾತಿನಲ್ಲಿ ಅದು ಆ ನೆಲದ ಮೇಲೆ ಬೆಳೆದ ಕಾಡು ಅಥವಾ ಪೊದೆ ಎಂಬ ವ್ಯತ್ಯಾಸವನ್ನು ಈ ನಿಘಂಟು ಗುರುತಿಸಿತು. ಹೆಸರು ನೆಲದಿಂದ ಅದರ ಮೇಲಿನ ಬೆಳವಣಿಗೆಗೆ ದಾಟಿದ ಹಂತವಿದು.

ಆರೋಗ್ಯದ ನೆಲದಿಂದ ಜ್ವರದ ಕಾಡಿಗೆ

ಪದದ ಅರ್ಥ ತಿರುಗಿದ ರೀತಿಯನ್ನು ರೋಗದ ಕಲ್ಪನೆಯಲ್ಲಿ ಚೆನ್ನಾಗಿ ಕಾಣಬಹುದು. ಆಯುರ್ವೇದದ ಪ್ರಕಾರ ಜಾಂಗಲವು ಒಣಹವೆಯ, ದೃಢಕಾಯರ ನಾಡು. 19ನೆಯ ಶತಮಾನದ ಇಂಗ್ಲಿಷರಾದರೋ ಮಲೇರಿಯ ಬಗೆಯ ವಿಷಮಜ್ವರವನ್ನು 'ಜಂಗಲ್ ಫೀವರ್' ಎಂದು ಕರೆದರು. ಕೊಳೆತ ಎಲೆ ಮತ್ತು ಜೌಗಿನಿಂದೇಳುವ ಕೆಟ್ಟ ಗಾಳಿಯೇ ಜ್ವರಕ್ಕೆ ಕಾರಣವೆಂದು ಆಗ ನಂಬಲಾಗಿತ್ತು. 1897ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಅವರು ಮಲೇರಿಯದ ರೋಗಾಣುವನ್ನು ಸೊಳ್ಳೆಯ ದೇಹದಲ್ಲಿ ಕಂಡುಹಿಡಿದ ಮೇಲೆ ಈ ನಂಬಿಕೆ ಹಿಂದೆ ಸರಿಯಿತು. ಆದರೆ ಪದಕ್ಕೆ ಅಂಟಿಕೊಂಡ ತೇವ, ಕತ್ತಲೆ, ಅಪಾಯಗಳ ಭಾವನೆ ಹಾಗೆಯೇ ಉಳಿಯಿತು. ವೈದ್ಯಗ್ರಂಥಗಳು ಆನೂಪಕ್ಕೆ ಹೇಳಿದ್ದ ಲಕ್ಷಣಗಳೆಲ್ಲ ಹೀಗೆ ಜಾಂಗಲದ ಹೆಸರಿಗೆ ಬಂದು ಸೇರಿದುವು.

ಇಂಗ್ಲಿಷಿನಿಂದ ಈ ಪದವು ಜಗತ್ತಿನ ಅನೇಕ ಭಾಷೆಗಳಿಗೆ ಹೋಯಿತು. ಫ್ರೆಂಚಿನ 'ಝಂಗ್ಲ್', ಜರ್ಮನಿನ 'ಜುಂಗಲ್', ಇಟಾಲಿಯನ್ನಿನ 'ಜುಂಗ್ಲಾ', ಸ್ಪ್ಯಾನಿಷಿನ 'ಹುಂಗ್ಲಾ', ಜಪಾನಿಯ 'ಜಂಗುರು' ಇವೆಲ್ಲ ಒಂದೇ ಮೂಲದವು. ಈ ಭಾಷೆಗಳು ಪಡೆದುಕೊಂಡದ್ದು ದಟ್ಟ ಕಾಡು ಎಂಬ ಹೊಸ ಅರ್ಥವನ್ನೇ.

ಪ್ರಾಣಿಪಕ್ಷಿಗಳ ಹೆಸರುಗಳಲ್ಲಿ ಹಳೆಯ ಅರ್ಥ

ಇಂಗ್ಲಿಷಿನಲ್ಲಿ 'ಜಂಗಲ್' ಸೇರಿಸಿ ಹೆಸರಿಸಿದ ಭಾರತದ ಹಲವು ಪ್ರಾಣಿಪಕ್ಷಿಗಳು ವಾಸ್ತವವಾಗಿ ದಟ್ಟ ಕಾಡಿನಲ್ಲಿ ವಾಸಿಸುವುವಲ್ಲ. ಜಂಗಲ್ ಕ್ಯಾಟ್ ಎಂಬ ಕಾಡುಬೆಕ್ಕು ಜೊಂಡು, ಹುಲ್ಲುಗಾವಲು, ಕುರುಚಲು ಮತ್ತು ಹೊಲದಂಚುಗಳ ಪ್ರಾಣಿ. ಜಂಗಲ್ ಬ್ಯಾಬ್ಲರ್ ಎಂಬ ಹರಟೆಮಲ್ಲ ಹಕ್ಕಿಯು ತೋಟ ಮತ್ತು ಊರಂಚಿನ ಮರಗಳಲ್ಲಿ ಗುಂಪಾಗಿ ಗದ್ದಲವೆಬ್ಬಿಸುತ್ತಿರುತ್ತದೆ. ಜಂಗಲ್ ಬುಷ್ ಕ್ವೇಲ್ ಎಂಬುದು ಒಣ ಕುರುಚಲು ನೆಲದ ಪುಟ್ಟ ಹಕ್ಕಿ. ಇದು ಚರಕನು ಜಾಂಗಲ ದೇಶಕ್ಕೆ ಹೇಳಿದ ಲಾವುಗೆಯ ಬಳಗಕ್ಕೆ ಸೇರಿದ್ದು. ಇಂಗ್ಲಿಷಿನಲ್ಲಿ ಮರೆತುಹೋದ ಮೂಲಾರ್ಥವು ಈ ಹೆಸರುಗಳಲ್ಲಿ ಗುರುತಿಗೆ ಸಿಕ್ಕುವಂತೆ ಉಳಿದಿದೆ.

ಸಾಹಿತ್ಯದಲ್ಲಿ ಮತ್ತು ರೂಪಕವಾಗಿ

ರುಡ್ಯಾರ್ಡ್ ಕಿಪ್ಲಿಂಗ್ ಅವರ 'ದಿ ಜಂಗಲ್ ಬುಕ್' 1894ರಲ್ಲಿ, ಅದರ ಎರಡನೆಯ ಭಾಗ 1895ರಲ್ಲಿ ಪ್ರಕಟವಾದುವು. ಮೌಗ್ಲಿಯ ಕಥೆಗಳು ಮಧ್ಯ ಭಾರತದ ಸಿವನಿ ಪ್ರದೇಶದಲ್ಲಿ ನಡೆಯುತ್ತವೆ. ಪದವನ್ನು ಜಗತ್ತಿನ ಮಕ್ಕಳ ಬಾಯಿಗೆ ತಂದ ಕೀರ್ತಿ ಈ ಕೃತಿಯದು. ಕಿಪ್ಲಿಂಗರ ಕಥೆಗಳಲ್ಲಿ 'ಜಂಗಲ್ಲಿನ ಕಾನೂನು' ಎಂದರೆ ಎಲ್ಲ ಪ್ರಾಣಿಗಳೂ ಪಾಲಿಸಬೇಕಾದ ಶಿಸ್ತಿನ ಕಟ್ಟಳೆ. ಇಂದಿನ ಬಳಕೆಯಲ್ಲಿ ಅದು ಬಲಿಷ್ಠನು ದುರ್ಬಲನನ್ನು ತುಳಿಯುವ ಅರಾಜಕತೆ ಎಂಬ ಅರ್ಥದಲ್ಲಿದೆ. ಒಂದೇ ನುಡಿಗಟ್ಟು ಇಲ್ಲಿಯೂ ತಲೆಕೆಳಗಾಗಿದೆ.

1906ರಲ್ಲಿ ಬಂದ ಅಪ್ಟನ್ ಸಿಂಕ್ಲೇರ್ ಅವರ 'ದಿ ಜಂಗಲ್' ಕಾದಂಬರಿಯಲ್ಲಿ ಕಾಡಿನ ಪ್ರಸ್ತಾಪವಿಲ್ಲ. ಅಮೆರಿಕದ ಷಿಕಾಗೊ ನಗರದ ಮಾಂಸದ ಕಾರ್ಖಾನೆಗಳಲ್ಲಿ ದುಡಿಯುವ ವಲಸೆ ಕಾರ್ಮಿಕರ ಬವಣೆ ಅದರ ವಸ್ತು. ಅದು ಎಬ್ಬಿಸಿದ ಜನಾಭಿಪ್ರಾಯವು ಅದೇ ವರ್ಷ ಮಾಂಸ ತಪಾಸಣೆ ಹಾಗೂ ಆಹಾರ ಶುದ್ಧತೆಯ ಕಾಯಿದೆಗಳು ಜಾರಿಗೆ ಬರಲು ನೆರವಾಯಿತು. ಮಹಾನಗರವನ್ನು 'ಕಾಂಕ್ರೀಟ್ ಜಂಗಲ್' ಎನ್ನುವ ರೂಢಿಯೂ ಇದೇ ಹಾದಿಯಲ್ಲಿ ಬೆಳೆಯಿತು. 1990ರ ದಶಕದ ಆರಂಭದಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ ಒಂದು ಬಗೆಯ ನೃತ್ಯಸಂಗೀತಕ್ಕೂ 'ಜಂಗಲ್' ಎಂಬ ಹೆಸರಿದೆ.

ಫ್ರಾನ್ಸಿನ ಕ್ಯಾಲೇ ಬಂದರಿನ ಬಳಿ ನಿರಾಶ್ರಿತರು ಕಟ್ಟಿಕೊಂಡಿದ್ದ ಶಿಬಿರವು 'ಜಂಗಲ್' ಎಂದೇ ಪ್ರಸಿದ್ಧವಾಗಿತ್ತು. 2016ರ ಅಕ್ಟೋಬರಿನಲ್ಲಿ ಸರ್ಕಾರ ಅದನ್ನು ತೆರವುಗೊಳಿಸಿತು. ಅಫಘಾನಿಸ್ತಾನದ ವಲಸಿಗರ ಮಾತಿನ 'ಜಂಗಲ್' ಎಂಬ ಪದದೊಂದಿಗೆ ಈ ಹೆಸರನ್ನು ಸಂಬಂಧಿಸಲಾಗುತ್ತದೆ.

ಸಸ್ಯವಿಜ್ಞಾನದಲ್ಲಿ

ಇಂದಿನ ಪರಿಸರವಿಜ್ಞಾನದಲ್ಲಿ 'ಜಂಗಲ್' ಪಾರಿಭಾಷಿಕ ಪದವಲ್ಲ. ಮಳೆ ಹೇರಳವಾಗಿ ಬೀಳುವ ನಿತ್ಯಹರಿದ್ವರ್ಣದ ಕಾಡಿಗೆ ಜರ್ಮನ್ ಸಸ್ಯವಿಜ್ಞಾನಿ ಎ. ಎಫ್. ಡಬ್ಲ್ಯೂ. ಷಿಂಪರ್ ಅವರು 1898ರಲ್ಲಿ 'ಮಳೆಕಾಡು' ಎಂಬ ಅರ್ಥದ ಪದವನ್ನು ಬಳಕೆಗೆ ತಂದರು. ಇವೆರಡನ್ನೂ ಒಂದೇ ಎಂದು ತಿಳಿಯುವುದು ಸರಿಯಲ್ಲ. ಬೆಳೆದು ನಿಂತ ಮಳೆಕಾಡಿನೊಳಗೆ ಮರಗಳ ಮೇಲ್ಛಾವಣಿಯು ಬೆಳಕನ್ನು ತಡೆಯುವುದರಿಂದ ನೆಲದ ಮೇಲೆ ಪೊದೆಗಳು ಕಡಿಮೆ. ನಡೆದಾಡಲು ಅಷ್ಟು ಕಷ್ಟವಿಲ್ಲ. ಕತ್ತಿಯಿಂದ ಕಡಿದು ದಾರಿಮಾಡಿಕೊಳ್ಳಬೇಕಾದಂಥ ಹೆಣಿಗೆಯು ಕಂಡುಬರುವುದು ಬೆಳಕು ಬೀಳುವ ಕಡೆ: ನದಿಯ ದಂಡೆಯಲ್ಲಿ, ಕಾಡಿನ ಅಂಚಿನಲ್ಲಿ, ಹಿಂದೆ ಕಡಿದು ಬಿಟ್ಟ ಜಾಗದಲ್ಲಿ. ದೋಣಿಯಲ್ಲಿ ಸಾಗಿದ ಪ್ರವಾಸಿಗರು ಕಂಡದ್ದು ಹೆಚ್ಚಾಗಿ ದಂಡೆಯ ಈ ಹಸಿರು ಗೋಡೆಯನ್ನು.

20ನೆಯ ಶತಮಾನದ ಕೊನೆಯ ದಶಕಗಳಲ್ಲಿ ಸಂರಕ್ಷಣೆಯ ಕೂಗು ಎದ್ದಾಗ, ಇಂಗ್ಲಿಷ್ ಬರಹಗಳಲ್ಲಿ 'ಜಂಗಲ್' ಪದದ ಸ್ಥಾನವನ್ನು 'ಮಳೆಕಾಡು' ಪದವು ಬಹುಮಟ್ಟಿಗೆ ಆಕ್ರಮಿಸಿತು. ಜಂಗಲ್ ಎಂದರೆ ಗೆಲ್ಲಬೇಕಾದ, ಕಡಿಯಬೇಕಾದ ವಸ್ತು ಎಂಬ ಧ್ವನಿ ಇತ್ತು. ಮಳೆಕಾಡು ಎಂದರೆ ಉಳಿಸಬೇಕಾದ ಸಂಪತ್ತು ಎಂಬ ಧ್ವನಿ ಬಂದಿತು.

ಕನ್ನಡದಲ್ಲಿ

ಕನ್ನಡದಲ್ಲಿ ಕಾಡಿಗೆ 'ಕಾಡು' ಎಂಬ ದ್ರಾವಿಡ ಪದವೂ, ಸಂಸ್ಕೃತದಿಂದ ಬಂದ 'ಅರಣ್ಯ', 'ವನ', 'ಅಡವಿ' ಎಂಬ ಪದಗಳೂ ಇವೆ. ಈ ಕಾರಣ 'ಜಂಗಲ್' ಪದಕ್ಕೆ ಕನ್ನಡದಲ್ಲಿ ಹೆಚ್ಚಿನ ಸ್ಥಾನ ದೊರೆಯಲಿಲ್ಲ. ಆಡುಮಾತಿನಲ್ಲಿ ಮತ್ತು ಪ್ರವಾಸೋದ್ಯಮದಲ್ಲಿ ಅದು ಕೇಳಿಬರುತ್ತದೆ. ಕರ್ನಾಟಕ ಸರ್ಕಾರದ 'ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್' ಸಂಸ್ಥೆಯ ಹೆಸರು ಇದಕ್ಕೆ ಉದಾಹರಣೆ. 'ಜಾಂಗಲ' ಎಂಬ ಮೂಲರೂಪವು ಆಯುರ್ವೇದದ ಕನ್ನಡ ಗ್ರಂಥಗಳಲ್ಲಿ ಹಳೆಯ ಅರ್ಥದಲ್ಲಿಯೇ ಮುಂದುವರಿದಿದೆ. 'ಜನಜಂಗುಳಿ' ಎಂಬಲ್ಲಿನ 'ಜಂಗುಳಿ'ಗೆ ಗುಂಪು, ಹಿಂಡು ಎಂಬ ಅರ್ಥ. 'ಜಂಗಮ' ಎಂದರೆ ಚಲಿಸುವಂಥದು. ಧ್ವನಿಸಾಮ್ಯದಿಂದ ಈ ಪದಗಳನ್ನು ಒಂದೇ ಮೂಲದವೆಂದು ಭಾವಿಸಬಾರದು.

ಹಳೆಯ ಮತ್ತು ಹೊಸ ಅರ್ಥಗಳ ಅಂತರವನ್ನು ಕರ್ನಾಟಕದ ನೆಲದಲ್ಲಿಯೇ ನೋಡಬಹುದು. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಸುತ್ತಿನ ಮಲೆನಾಡು ಇಂಗ್ಲಿಷಿನ ಅರ್ಥದಲ್ಲಿ ಜಂಗಲ್. ಆಯುರ್ವೇದದ ಲಕ್ಷಣಗಳಂತೆ ಅದು ಆನೂಪ. ಸುಮಾರು 500 ಮಿಲಿಮೀಟರ್ ಮಳೆಯ ಚಳ್ಳಕೆರೆಯ ಬಯಲುಸೀಮೆಯನ್ನು ಇಂದು ಯಾರೂ ಜಂಗಲ್ ಎನ್ನುವುದಿಲ್ಲ. ಆದರೆ ಕಗ್ಗಲಿ, ಎಲಚಿ, ಬನ್ನಿ, ಕೌಜುಗ, ಕೃಷ್ಣಮೃಗಗಳಿಂದ ಕೂಡಿದ ಇಂಥ ನೆಲವೇ ಗ್ರಂಥಗಳು ಹೇಳುವ ಜಾಂಗಲ.

ಭೂಬಳಕೆ ಮತ್ತು ಕಾನೂನಿನ ಮೇಲೆ ಪರಿಣಾಮ

ಒಣಬಯಲಿಗೆ ಇದ್ದ ಹೆಸರು ದಟ್ಟ ಕಾಡಿಗೆ ಹೋದ ಮೇಲೆ, ಬಯಲಿಗೆ ಉಳಿದ ಹೆಸರುಗಳು 'ಪಾಳು', 'ಬಂಜರು', 'ಬೀಳು' ಎಂಬುವು. ಕಂದಾಯ ಬಾರದ ಭೂಮಿಯನ್ನು ವ್ಯರ್ಥವೆಂದು ಎಣಿಸಿದ ಬ್ರಿಟಿಷ್ ಆಡಳಿತದ ರೂಢಿ ಸ್ವಾತಂತ್ರ್ಯಾನಂತರವೂ ಮುಂದುವರಿಯಿತು. 2000ದಲ್ಲಿ ಮೊದಲು ಪ್ರಕಟವಾದ ಭಾರತದ ಬಂಜರುಭೂಮಿ ಭೂಪಟಗಳಲ್ಲಿ ಕುರುಚಲು ನೆಲವೂ ಒಂದು ವರ್ಗವಾಗಿ ಸೇರಿದೆ.

1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, 'ಅರಣ್ಯ' ಎಂಬ ಪದವನ್ನು ಅದರ ನಿಘಂಟಿನ ಅರ್ಥದಂತೆ ಗ್ರಹಿಸಬೇಕೆಂದು ಆದೇಶಿಸಿತು. ಇದರಿಂದ ದಾಖಲೆಯಲ್ಲಿ ಸೇರದಿದ್ದ ಅನೇಕ ಕಾಡುಗಳಿಗೆ ರಕ್ಷಣೆ ದೊರೆಯಿತು. ಆದರೆ ನಿಘಂಟಿನ ಅರಣ್ಯವು ಮರಗಳ ಅರಣ್ಯ. ಮರ ವಿರಳವಾದ ಹುಲ್ಲುಗಾವಲಿಗೆ ಆ ಅರ್ಥದಿಂದ ಅಷ್ಟೇ ರಕ್ಷಣೆ ಸಿಕ್ಕದು. ಪದವೊಂದರ ಅರ್ಥವು ಭೂಮಿಯ ಭವಿಷ್ಯವನ್ನು ಹೇಗೆ ನಿರ್ಧರಿಸಬಲ್ಲುದೆಂಬುದಕ್ಕೆ ಇದು ನಿದರ್ಶನ.

ಕರ್ನಾಟಕದಲ್ಲಿ ಮೈಸೂರು ಅರಸರ ಕಾಲದಿಂದ ಅಮೃತ ಮಹಲ್ ದನಗಳಿಗಾಗಿ ಮೀಸಲಿಟ್ಟಿದ್ದ 'ಕಾವಲು'ಗಳು ಇಂಥ ಹುಲ್ಲುಗಾವಲುಗಳಾಗಿದ್ದುವು. ಚಿತ್ರದುರ್ಗ, ತುಮಕೂರು, ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಹರಡಿದ್ದ ಇವುಗಳ ಹೆಚ್ಚಿನ ಭಾಗ ಕೃಷಿಗೆ, ನೆಡುತೋಪುಗಳಿಗೆ ಮತ್ತು ಸಂಸ್ಥೆಗಳಿಗೆ ಹೋಗಿದೆ. ಹಾವೇರಿ ಜಿಲ್ಲೆಯ ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯದ ಬಹುಭಾಗದಲ್ಲಿ ನೀಲಗಿರಿ ಮರಗಳನ್ನು ನೆಡಲಾಯಿತು. ಬರಿಯ ಬಯಲನ್ನು ಹಸಿರಾಗಿಸಬೇಕೆಂಬ ಸದುದ್ದೇಶ ಅದರ ಹಿಂದೆ ಇದ್ದರೂ, ತೆರೆದ ನೆಲವನ್ನೇ ಅವಲಂಬಿಸಿದ ಎರೆಭೂತ ಹಕ್ಕಿಗೆ ಅದು ಪ್ರತಿಕೂಲವಾಯಿತು. ಈಗ ರಾಜ್ಯದಲ್ಲಿ ಆ ಹಕ್ಕಿಗಳು ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಸುತ್ತ ಬೆರಳೆಣಿಕೆಯಷ್ಟು ಮಾತ್ರ ಉಳಿದಿವೆ. ತುಮಕೂರು ಜಿಲ್ಲೆಯ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿರುವ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶದಲ್ಲಿ ತೆರೆದ ಹುಲ್ಲುಗಾವಲು ಹುಲ್ಲುಗಾವಲಾಗಿಯೇ ಉಳಿದಿದ್ದು, ಕೃಷ್ಣಮೃಗಗಳ ಹಿಂಡುಗಳನ್ನು ಇಂದಿಗೂ ಅಲ್ಲಿ ಕಾಣಬಹುದು.

ಇವನ್ನೂ ನೋಡಿ

• ಅಮೃತ ಮಹಲ್
• ಕೃಷ್ಣಮೃಗ
• ಎರೆಭೂತ
• ಮಳೆಕಾಡು
• ಬಯಲುಸೀಮೆ
• ಹಾಬ್ಸನ್-ಜಾಬ್ಸನ್